ಎಂಟೂ ಎಂಟೂ ನಾಲ್ಕು

ಎಂಟೂ ಎಂಟೂ ನಾಲ್ಕು ಅಂದ ನೆವಿಲ್,
ಮೂಗಿನ ತುದಿಗೆ ಜಾರಿದ ಕನ್ನಡಕ ಸರಿಮಾಡದೆ.
ನಾನು ಮಗ್ಗಿ ಕಲಿತ ಶಾಲೆಯಲ್ಲಿ
ಇಷ್ಟಕ್ಕೆ ಗೆಣ್ಣಿನ ಮೇಲೆ ಬೀಳುತ್ತಿತ್ತು ಅಡಿಪಟ್ಟಿ.

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಹಳೇ ಐಸ್ ಕಾರ್ಖಾನೆಯ ಗೋಡೆಗೆ ಒರಗಿದ ಅಂಗಡಿ.
ಒಳಗೆ ಬೆಸುಗೆಯ ಹೊಗೆ, ಹೊರಗೆ ಮೀನಿನ ವಾಸನೆ;
ಬಾಗಿಲು ತೆರೆದಾಗಲೆಲ್ಲ ಒಂದನ್ನೊಂದು ದಾಟುತ್ತವೆ,
ಪಾಳಿ ಬದಲಿಸುವವರ ಹಾಗೆ, ಮುಖ ನೋಡದೆ.

ನನ್ನದು ರಾತ್ರಿಪಾಳಿ. ಶೀತಲಗೃಹ, ಮೈನಸ್ ಇಪ್ಪತ್ತೆರಡು.
ಹದಿನೇಳು ವರ್ಷ ಕೈಗವಸಿನೊಳಗೆ ಮಲಗಿದ್ದ ಬೆರಳು
ಐವತ್ತಾರಕ್ಕೆ ಎದ್ದು ಬೇಸ್ ಗಿಟಾರ್ ಕೇಳಿತು.
ಯಾಕೆ ಅಂದರೆ ಏನು ಹೇಳಲಿ,
ಸಣ್ಣ ತಂತಿ ಈ ಬೆರಳಿಗೆ ತಿಳಿಯುವುದಿಲ್ಲ.

ಆಂಪ್ಲಿಫೈಯರಿನ ತಲೆ ಮಾತ್ರ ಸಿಕ್ಕಿತ್ತು,
ಕ್ಲೀಥಾರ್ಪ್ಸ್‌ನಲ್ಲಿ ಸತ್ತವರ ಮನೆ ಖಾಲಿ ಮಾಡುವಾಗ,
ಇಸ್ತ್ರಿಪೆಟ್ಟಿಗೆ, ಪಿಂಗಾಣಿ ನಾಯಿಗಳ ನಡುವೆ.
ನೂರು ವಾಟ್, ನಾಲ್ಕು ದಪ್ಪ ವಾಲ್ವು,
ಎತ್ತಿದರೆ ಸೊಂಟ ಹಿಡಿಯುವ ಭಾರ.
ಮುಂಡವಿಲ್ಲದ ರುಂಡ.

‘ಸ್ಪೀಕರ್ ಸಿಕ್ಕಿಸದೆ ಹಚ್ಚಿಲ್ಲ ತಾನೇ?’
ಸುಮ್ಮನಾದೆ.
ಹಿಂದಿನ ರಾತ್ರಿ ಅಡುಗೆಮನೆಯ ದೀಪ ಆರಿಸಿ ಹಚ್ಚಿದ್ದೆ.
ವಾಲ್ವು ಕೆಂಡವಾಗುವುದನ್ನು ನೋಡಬೇಕಿತ್ತು.
ನೋಡುತ್ತ ನೋಡುತ್ತ ತಂತಿಯನ್ನೂ ಮೀಟಿಬಿಟ್ಟೆ.
ಎಲ್ಲೋ ಒಳಗೆ ಟ್ರಾನ್ಸ್‌ಫಾರ್ಮರು
ಹಲ್ಲು ಕಚ್ಚಿಕೊಂಡು ಅದೇ ಸ್ವರ ಗುನುಗಿತು,
ಸೊಳ್ಳೆಯಷ್ಟು ಸಣ್ಣಗೆ.
ಸ್ವಿಚ್ಚಿಗೆ ಹಾರಿದ್ದೆ.

ಎಲ್ಲ ಒಪ್ಪಿಕೊಂಡೆ. ನೆವಿಲ್ ಬೈಯಲಿಲ್ಲ.
‘ಟ್ರಾನ್ಸಿಸ್ಟರಿನ ತಲೆ ಹೊರೆ ಹೆಚ್ಚಾದರೆ ಸಾಯುತ್ತದೆ,
ವಾಲ್ವಿನ ತಲೆ ಹೊರೆ ಇಲ್ಲದಿದ್ದರೆ.
ಹೊರಗೆ ಹೋಗಬೇಕಾದ್ದು ತಿರುಗಿ ಬಂದು
ತನ್ನನ್ನೇ ಕಚ್ಚುತ್ತದೆ.’
ಮೀಟರಿನ ಮೊನೆ ಇಟ್ಟ. ಮುಳ್ಳು ನಡುಗಿತು, ನಿಂತಿತು.
ಬದುಕಿದೆ ಅಂದ. ತಲೆಗೋ ನನಗೋ ಗೊತ್ತಾಗಲಿಲ್ಲ.

ಮೂಲೆಯಲ್ಲೊಂದು ದೈತ್ಯ, ಹತ್ತಿಂಚಿನ ಎಂಟು ಸ್ಪೀಕರಿನದು.
ವಾದ್ಯದವರು ಇದನ್ನು ಫ್ರಿಜ್ ಅಂತಾರಂತೆ.
ಬೇಡಪ್ಪ ಅಂದೆ, ರಾತ್ರಿಯಿಡೀ ಇರುವುದೇ ಅದರೊಳಗೆ.
ನಮ್ಮ ಗ್ಯಾರೇಜಿನಲ್ಲಿ ಹದಿನೈದಿಂಚಿನ ಪೆಟ್ಟಿಗೆ ಒಂದಿದೆ,
ಕೀರನ್ ಡಾಂಕಾಸ್ಟರಿಗೆ ಹೊರಟಾಗ ವ್ಯಾನಿನಲ್ಲಿ ಹಿಡಿಸಲಿಲ್ಲ.
ಅದರ ಬೆನ್ನ ಮೇಲೆ ಬರೆದಿದೆ: ಎಂಟು ಓಮ್.
ಈ ಓಮ್ ಜಪಿಸುವುದಲ್ಲ, ಲೆಕ್ಕ ಹಾಕುವುದು.

ಜಾಲರಿ ತಗ್ಗಾದ ಇನ್ನೊಂದನ್ನು ನೆವಿಲ್ ಎಳೆದ. ಅದೂ ಎಂಟು.
‘ಪಕ್ಕಪಕ್ಕ ನಿಂತರೆ ಕರೆಂಟಿಗೆ ಎರಡು ದಾರಿ, ತಡೆ ಅರ್ಧ.
ಎಂಟೂ ಎಂಟೂ ನಾಲ್ಕು. ಹಿಂದಿನ ಗುಂಡಿ ನಾಲ್ಕಕ್ಕೆ ತಿರುಗಿಸು.
ಒಂದರ ಹಿಂದೊಂದು ನಿಂತರೆ
ನೀನು ಶಾಲೆಯಲ್ಲಿ ಕಲಿತದ್ದೇ. ಹದಿನಾರು.’

ಹದಿನಾರು ನನಗೆ ಗೊತ್ತಿತ್ತು.
ಹನ್ನೊಂದು ವರ್ಷ, ಕೀರನ್ ಹಿಂದೆ ನಾನು,
ಒಮ್ಮೊಮ್ಮೆ ನನ್ನ ಹಿಂದೆ ಅವನು;
ಹೇಳಬೇಕಾದ್ದು ಇಬ್ಬರನ್ನೂ ದಾಟುವ ಹೊತ್ತಿಗೆ
ಉಸಿರೇ ಉಳಿದಿರುತ್ತಿರಲಿಲ್ಲ.
ತಪ್ಪು ಯಾರದೂ ಅಲ್ಲವೇನೋ. ವೈರಿಂಗು.

ನೆವಿಲ್‌ಗೆ ಇದನ್ನು ಹೇಳಲಿಲ್ಲ. ನಲವತ್ತು ಪೌಂಡ್ ಎಣಿಸಿದೆ.
ದಪ್ಪ ಕೇಬಲ್ ಎರಡು ಕೊಟ್ಟ: ಗಿಟಾರಿನದು ಹಾಕಬೇಡ,
ನೋಡಲು ಅಣ್ಣತಮ್ಮ, ಕರಗಿಹೋಗುತ್ತದೆ.

ಶುಕ್ರವಾರ, ಮೆಥಡಿಸ್ಟ್ ಹಾಲ್. ಯುರ್ಗಿತಾ ಡ್ರಮ್ಮಿನ ಹಿಂದೆ,
ಫಿಲೆ ಮಾಡುವ ಕೈ, ಕಡ್ಡಿಯನ್ನೂ ಚಾಕುವಿನಂತೆ ಹಿಡಿಯುತ್ತಾಳೆ.
ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಈಗಲೂ
ಕೀರನ್‌ನ ಸಿಗರೇಟಿನ ವಾಸನೆ.
ಕೇಬಲ್ ನೋಡಿದೆ. ಮತ್ತೆ ನೋಡಿದೆ. ಗುಂಡಿ ನಾಲ್ಕಕ್ಕೆ.
ಹಚ್ಚಿದೆ.

ಅವಳು ಕಡ್ಡಿ ಎತ್ತಿದಳು.
ತಾಳು ಅಂದೆ, ಒಂದು ನಿಮಿಷ.
ವಾಲ್ವುಗಳು ಕಾಯುತ್ತಿವೆ.
ನಾವೂ.